ಕಲೂರಿನ ದೆವ್ವ ಕೇಳಿದ್ದು

ನೋಡ್ರಪ್ಪಾ, ಇವತ್ತು ಕಾಲೇಜಿಗೆ ಹೋಗುವ ಮಗಳು, ತಾನೂ ಕಲೂರಿನ ಗೆಳತಿಯರೂ ಸೇರಿ ಮಾಡಿದ ಹಾರರ್ ಗೇಮನ್ನು ಮೊದಲು ನಾನೇ ಆಡಬೇಕೆಂದು ಕೂರಿಸಿದಳು. ವರ್ಗವಾಗಿ ಈ ಮಲಯಾಳಿಗಳ ಊರಿಗೆ ಬಂದಿದ್ದರೂ ಬ್ಯಾಂಕಿನಲ್ಲಿ ಇಂಗ್ಲಿಷೇ ಸಾಕಾಗುವುದರಿಂದ ನನ್ನ ಮಲಯಾಳಂ ಅಷ್ಟಕ್ಕಷ್ಟೇ. ಕತ್ತಲೆ ಕೋಣೆಯಲ್ಲಿ ಕೂದಲು ಕೆದರಿದ ದೆವ್ವವೊಂದು ಹತ್ತಿರ ಬಂದು ಪಿಸುಗುಟ್ಟಿತು: "ಪೇಡಿಯುಂಡೋ?"

ಧಾರವಾಡದವನು ನಾನು. "ಪೇಢೆ ಉಂಡ್ಯೋ ಅಂತೈತಲ್ಲ ಇದು! ಪೇಢೆ ತಿಂತಾರ, ಉಣ್ಣೂದಿಲ್ಲ" ಎಂದೆ.

ಮಗಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಪ್ಪಾ! ಪೇಡಿ ಮೀನ್ಸ್ ಫಿಯರ್. ಭಯ! ಭಯ ಇದೆಯಾ ಅಂತ ಕೇಳ್ತಿದೆ!"

ಅರ್ಥವೇನೋ ಆಯಿತು. ಆದರೂ ದೆವ್ವ ಪ್ರತಿ ಕೋಣೆಯಲ್ಲೂ ಅದನ್ನೇ ಕೇಳಿತು, ಪ್ರತಿ ಸಲವೂ ನನ್ನ ಬಾಯಲ್ಲಿ ನೀರೂರಿತು.

ಅಂಕಲ್ ಹೆದರಿದರಾ ಎಂದು ಗೆಳತಿಯರೆಲ್ಲ ಕೇಳುತ್ತಿದ್ದಾರಂತೆ. ಹೆದರಿದೆನೆಂದು ಸುಳ್ಳು ಹೇಳಲೋ, ಊರಿಂದ ಅರ್ಧ ಕಿಲೋ ಪೇಢೆ ತರಿಸಲೋ, ಒಂದೂ ತಿಳಿಯುತ್ತಿಲ್ಲ.