ಎದುರು ಮನೆಯ ಹೆಸರುಕಾಳು

ಮಾರ್ಚ್ ತಿಂಗಳ ಫೋರ್ಟ್ ಲೀಯಲ್ಲಿ ವಸಂತ ಕ್ಯಾಲೆಂಡರಿನಲ್ಲಿ ಮಾತ್ರ ಬಂದಿರುತ್ತದೆ. ಸೇತುವೆ ದಾಟುವ ಬಸ್ಸಿನೊಳಗೆ ಕೋಟು ಬಿಚ್ಚುವಷ್ಟು ಸೆಖೆ, ಇಳಿದರೆ ನದಿಯ ಕಡೆಯಿಂದ ಕಿವಿ ಕೊರೆಯುವ ಗಾಳಿ. ಆ ವರ್ಷದ ಯುಗಾದಿಗೆ ನನಗೆ ರಜೆ ಇರಲಿಲ್ಲ. ಸಂಜೆ ಮನೆಗೆ ಬಂದಾಗ ಅಮ್ಮ ಒಬ್ಬಟ್ಟು, ಚಿತ್ರಾನ್ನ, ಮೊಳಕೆಕಾಳಿನ ಉಸಲಿ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಅಡುಗೆ ಬಿಟ್ಟರೆ ಅವಳಿಗೆ ಇಲ್ಲಿ ಬೇರೆ ಕೆಲಸವಿರಲಿಲ್ಲ. ನನಗೆ ಹಸಿವಿಗಿಂತ ದಣಿವೇ ಹೆಚ್ಚಾಗಿತ್ತು. ಆದರೂ ಉಸಲಿ ಚೆನ್ನಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡೆ. ಕೈ ತೊಳೆಯಲು ಹೋದಾಗ, ಎದುರು ಮನೆಯವರ ನೀಲಿ ಹೂವಿನ ತಟ್ಟೆ ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ್ದು ಕಾಣಿಸಿತು.

ಬೆಳಿಗ್ಗೆಯವರೆಗೂ ಅದರಲ್ಲಿ ಒದ್ದೆ ಬಟ್ಟೆಯ ಕೆಳಗೆ ಹೆಸರುಕಾಳು ಮೊಳೆಯುತ್ತಿತ್ತು.

ಎದುರು ಮನೆಯವರು ಇರಾನಿನವರು, ನಲವತ್ತರ ಆಸುಪಾಸಿನ ಎಂಜಿನಿಯರ್. ಹೆಂಡತಿಯಿಂದ ಬೇರೆಯಾಗಿ ಚಳಿಗಾಲದ ಮೊದಲು ಇಲ್ಲಿಗೆ ಬಂದಿದ್ದರು. ಏಳು ವರ್ಷದ ಮಗಳು ಶನಿವಾರ ಬಂದು, ಕತ್ತಲಾಗುತ್ತಿದ್ದಂತೆ ಬ್ಯಾಗು ಹೆಗಲಿಗೇರಿಸಿ ಬಾಗಿಲ ಬಳಿ ನಿಂತುಬಿಡುತ್ತಿದ್ದಳು. ಒಂದು ರಾತ್ರಿಯೂ ಅಪ್ಪನ ಮನೆಯಲ್ಲಿ ಮಲಗಿರಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ತಟ್ಟೆ ಕೊಡಲು ಬಂದ ದಿನ. ಅವರ ಹೊಸ ವರ್ಷ, ನವರೋಜ್, ನಮ್ಮ ಯುಗಾದಿಯ ಮಾರನೆಯ ದಿನ ಬಿದ್ದಿತ್ತು. ಅದರ ಮರುದಿನವೇ ಶನಿವಾರ. ಮೇಜಿನ ಮೇಲೆ ಸೇಬು, ಬೆಳ್ಳುಳ್ಳಿ, ವಿನೆಗರ್, ನಾಣ್ಯ ಹೀಗೆ ಏಳು ವಸ್ತುಗಳನ್ನು ಜೋಡಿಸಿ, ಕನ್ನಡಿ, ಬಣ್ಣದ ಮೊಟ್ಟೆ ಇಡಬೇಕು. ಎಲ್ಲಕ್ಕೂ ಮುಖ್ಯವಾದದ್ದು ಕಾಳಿನಿಂದ ಬೆಳೆಸಿದ ಹಸಿರು ಪೈರು, ಸಬ್ಜೆ. ಇಷ್ಟು ವರ್ಷ ಎಲ್ಲವನ್ನೂ ಹೆಂಡತಿಯೇ ಮಾಡಿದ್ದಳಂತೆ. ಹಬ್ಬ ಈ ಮನೆಯಲ್ಲೂ ಇದೆ ಎಂದು ಕಂಡರೆ ಮಗು ಒಂದು ರಾತ್ರಿ ಉಳಿಯಬಹುದು ಎಂದು ಅವರ ಆಸೆ. ಕೆಲಸದ ಮೇಲೆ ಬೇರೆ ಊರಿಗೆ ಹೊರಟಿದ್ದರಿಂದ, ನೀರು ಚಿಮುಕಿಸುತ್ತೀರಾ ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಅಮ್ಮನಿಗೆ ಹೇಳಿದ್ದು, ಇದಕ್ಕೆ ದಿನಾ ನೀರು ಚಿಮುಕಿಸು ಎಂದಷ್ಟೇ. ಯಾಕೆಂದು ವಿವರಿಸುವಷ್ಟು ತ್ರಾಣ ಆ ರಾತ್ರಿ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೊಳಕೆಯೊಡೆದ ಹೆಸರುಕಾಳು ಯಾಕೆಂದು ಅಮ್ಮನೂ ಕೇಳಲಿಲ್ಲ.

“ಬೇರು ಉದ್ದ ಆಗಿಬಿಟ್ಟಿತ್ತು ಕಣೇ. ಇನ್ನೊಂದು ದಿನ ಬಿಟ್ಟಿದ್ರೆ ಕಹಿ ಆಗ್ತಿತ್ತು,” ಎಂದಳು ಅಮ್ಮ, ತೊಳೆದ ತಟ್ಟೆ ಕಂಡು ಕಾಳೆಲ್ಲಿ ಎಂದು ನಾನು ಕೇಳಿದಾಗ. ವಿಷಯ ಹೇಳಿದೆ. ಅವಳು, “ಹಬ್ಬಕ್ಕಿಟ್ಟಿದ್ದನ್ನ ಒಗ್ಗರಣೆ ಹಾಕಿಬಿಟ್ನಲ್ಲೇ,” ಎಂದು ಕುರ್ಚಿಯಲ್ಲಿ ಕೂತಳು.

ಮರುದಿನ ಊಟದ ಬಿಡುವಿನಲ್ಲಿ ಇರಾನಿ ಅಂಗಡಿಗೆ ಫೋನ್ ಮಾಡಿದೆ. ಬೆಳೆಸಿಟ್ಟ ಸಬ್ಜೆ ಮಾರುತ್ತಾರಂತೆ, ಆದರೆ ಅವತ್ತಿಗೆ ಎಲ್ಲ ಖಾಲಿಯಾಗಿತ್ತು. ಅದು ಗೇಣುದ್ದ ಬೆಳೆಯಲು ಎರಡು ವಾರ ಬೇಕೆಂದು ಅಂಗಡಿಯವರೇ ಹೇಳಿದರು. ಎದುರು ಮನೆಯವರು ನೆನೆಹಾಕಿದ್ದೇ ತಡವಾಗಿತ್ತು. ನಾವು ತಿನ್ನದಿದ್ದರೂ ಶನಿವಾರಕ್ಕೆ ಅಲ್ಲಿ ಹಸಿರು ಇರುತ್ತಿರಲಿಲ್ಲ. ಇದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಆ ಸಂಜೆ ಎದುರು ಮನೆಯವರು ಊರಿನಿಂದ ಸೂಟ್‌ಕೇಸ್ ಸಮೇತ ನೇರವಾಗಿ ನಮ್ಮ ಬಾಗಿಲಿಗೇ ಬಂದರು. ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಖಾಲಿ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, ರುಚಿಯಾಗಿತ್ತೇ ಎಂದು ಕೇಳಿದರು. ನಗಲು ಪ್ರಯತ್ನಿಸುತ್ತಿದ್ದರು. ಮಕ್ಕಳು ಕಾಗದದಲ್ಲಿ ಹುಲ್ಲು ಮಾಡುವುದನ್ನು ಲೈಬ್ರರಿಯಲ್ಲಿ ನೋಡಿದ್ದೇನೆ, ನಾಳೆ ಬಂದು ನಿಮ್ಮ ಮಗಳೊಂದಿಗೆ ಮಾಡಲೇ ಎಂದು ಕೇಳಿದೆ. ಹಾಗೆಲ್ಲ ಬೇರೆಯವರ ಮನೆಯೊಳಗೆ ಹೋಗುವ ಅಭ್ಯಾಸ ನನಗಿಲ್ಲ. ಅವರು ಹೂಂ ಎಂದಾಗ, ಶನಿವಾರದ ನಿದ್ದೆಯೂ ಹೋಯಿತೆಂದು ಮನಸ್ಸಿಗೆ ಬಂದದ್ದೂ ನಿಜ.

ಶನಿವಾರ ಮಧ್ಯಾಹ್ನ ಹಸಿರು ಕಾಗದ, ಕತ್ತರಿ, ಗೋಂದು ತೆಗೆದುಕೊಂಡು ಅಮ್ಮನೂ ನಾನೂ ಹೋದೆವು. ಹುಡುಗಿ ಮೇಜಿನ ಮುಂದೆ ನಿಂತು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದಳು. ಖಾಲಿ ನೀಲಿ ತಟ್ಟೆಯ ಹತ್ತಿರ ಬಂದು, ನನ್ನ ಕೈಯ ಹಸಿರು ಕಾಗದ ನೋಡಿ, “ಮಾಮ್ಸ್ ಇಸ್ ರಿಯಲ್,” ಎಂದಳು. ಅವಳ ತಾಯಿಯ ಮನೆಯದು ನಿಜವಾದ ಪೈರಂತೆ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು.

ಕೆಲಸ ಸುಲಭದ್ದು. ಅಂಗೈ ಅಗಲದ ಉದ್ದ ಪಟ್ಟಿ ಕತ್ತರಿಸಿ, ಒಂದು ಅಂಚಿನಲ್ಲಿ ಬೆರಳಿನಷ್ಟು ಬಿಟ್ಟು, ಉಳಿದದ್ದನ್ನು ಸಣ್ಣಗೆ ಸೀಳುತ್ತಾ ಹೋಗಬೇಕು. ಬಿಟ್ಟ ಅಂಚಿಗೆ ಗೋಂದು ಸವರಿ ಚಾಪೆಯಂತೆ ಸುತ್ತಿ ನಿಲ್ಲಿಸಿದರೆ ಹುಲ್ಲಿನ ಕಂತೆಯಾಗುತ್ತದೆ. ಇಂಥ ನಾಲ್ಕೈದು ಕಂತೆಗಳನ್ನು ತಟ್ಟೆಯಲ್ಲಿ ಒತ್ತಾಗಿಟ್ಟು ಸುತ್ತ ಕೆಂಪು ರಿಬ್ಬನ್ ಕಟ್ಟಬೇಕು. ರಿಬ್ಬನ್ ಕೆಂಪೇ ಆಗಬೇಕೆಂದು ಹೇಳಿದ್ದು ಹುಡುಗಿ. ಅಮ್ಮ ಸೀಳಿದ್ದು ದಪ್ಪವಾಯಿತೆಂದು ಹುಡುಗಿ ಅವಳ ಕೈಯಿಂದ ಕತ್ತರಿ ಕಸಿದುಕೊಂಡಳು. ಅಮ್ಮ ಕನ್ನಡದಲ್ಲಿ ಬೈದಳು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ತೊಂದರೆಯಾದಂತೆ ಕಾಣಲಿಲ್ಲ.

ನಿಜವಾದ ಸಬ್ಜೆ ಎಲ್ಲಿ ಹೋಯಿತೆಂದು ಅವಳು ಕೇಳಿಯೇ ಕೇಳಿದಳು. ಅಪ್ಪ ಏನೋ ತಡವರಿಸುತ್ತಿದ್ದರು. ನಾನು ಇದ್ದದ್ದನ್ನು ಹೇಳಿದೆ.

“ಶಿ ಏಟ್ ಇಟ್?” ಎಂದು ಅಮ್ಮನನ್ನು ನೋಡಿದಳು.

“ನಾನೊಬ್ಳೇ ತಿಂದಿಲ್ಲ ಪುಟ್ಟಿ, ಇವ್ಳು ಎರಡು ಸಲ ಹಾಕಿಸ್ಕೊಂಡ್ಳು,” ಎಂದು ಅಮ್ಮ ನನ್ನ ಕಡೆ ಬೊಟ್ಟು ಮಾಡಿದಳು. ಅದನ್ನೂ ನಾನೇ ಅನುವಾದಿಸಬೇಕಾಯಿತು. ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ಅಪ್ಪನ ಮುಖ ನೋಡಿದಾಗ ತಿಳಿಯಿತು.

ಹೊರಗೆ ಮಬ್ಬಾಗುವ ಹೊತ್ತಿಗೆ ಕಾಗದದ ಹಸಿರು ಸ್ವಲ್ಪ ವಾರೆಯಾಗಿ ನಿಂತಿತ್ತು. ನಾವು ಮನೆಗೆ ಬಂದೆವು. ನಾನು ಸೋಫಾದ ಮೇಲೆ ಉರುಳಿಕೊಂಡಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಅಪ್ಪ ಮಗಳು ನಿಂತಿದ್ದರು. ಹುಡುಗಿಯ ಹೆಗಲ ಮೇಲೆ ಬ್ಯಾಗಿತ್ತು. ಹೋಗುವ ಮೊದಲು ಆ ತಿಂಡಿಯ ರುಚಿ ನೋಡಬೇಕಂತೆ ಎಂದು ಅವರು ಸಂಕೋಚದಿಂದ ಹೇಳಿದರು.

ಉಸಲಿ ಇನ್ನೂ ಒಂದು ಡಬ್ಬಿಯಷ್ಟು ಫ್ರಿಜ್ಜಿನಲ್ಲಿತ್ತು. ನಾನು ಆ ಕಡೆ ಹೊರಟೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

“ಈಗ ನೆನೆಹಾಕ್ತೀನಿ, ನಾಳೆ ಆಗುತ್ತೆ ಅಂತ ಹೇಳು.”

ಹೇಳಿದೆ. ನಾಳೆ ಎಷ್ಟು ಹೊತ್ತಿಗೆ ಎಂದು ಹುಡುಗಿ ಕೇಳಿದಳು. ಸಂಜೆ ಎಂದೆ. ಅವಳು ಅಪ್ಪನ ಮುಖ ನೋಡಲಿಲ್ಲ. ಬ್ಯಾಗಿನ ಪಟ್ಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಓಕೆ ಎಂದು ತಿರುಗಿ ಎದುರಿನ ಬಾಗಿಲೊಳಗೆ ಹೋದಳು. ಅವರು ತಕ್ಷಣ ಹಿಂದೆ ಹೋಗಲಿಲ್ಲ. ಅಮ್ಮನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ, ಎದೆಯ ಮೇಲೆ ಕೈಯಿಟ್ಟುಕೊಂಡರು.

ಭಾನುವಾರ ಸಂಜೆ ಅಮ್ಮ ಮೆಣಸಿನಕಾಯಿ ಹಾಕದೆ ಉಸಲಿ ಮಾಡಿದಳು. ಹುಡುಗಿ ಎರಡು ಚಮಚ ತಿಂದು, ತೆಂಗಿನಕಾಯಿ ಇಷ್ಟವಿಲ್ಲವೆಂದು ಬಟ್ಟಲನ್ನು ಅಪ್ಪನ ಕಡೆ ತಳ್ಳಿದಳು. ಅವರು ಒಂದು ಕಾಳೂ ಉಳಿಸದೆ ತಿಂದರು.