ನೀಲಿ ಚುಂಗಿನ ಟವಲು

ಅವರ ಹೆಗಲ ಮೇಲಿನ ಬಿಳಿ ಟವಲಿನ ಒಂದು ಚುಂಗು ಸದಾ ನೀಲಿ. ಎಷ್ಟು ಒಗೆದರೂ ಹೋಗದ ಸ್ಟಾಂಪ್ ಪ್ಯಾಡಿನ ಬಣ್ಣ ಅದು. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರ ಬೆರಳನ್ನು ಅವರೇ ಆ ಚುಂಗಿನಿಂದ ಒರೆಸುತ್ತಿದ್ದರು. "ಮಸಿ ಅಚ್ಚಿದೋರೇ ಒರಸ್ಬೇಕು ಕಣಮ್ಮಿ" ಅನ್ನುತ್ತಿದ್ದರು.

ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಜವಾನರಾಗಿದ್ದು ನಿವೃತ್ತರಾದವರು, ಮನೆ ಬೇಗೂರಿನಲ್ಲಿ. ಎಲ್ಲರಿಗೂ ಜವಾನಯ್ಯ. ಯಾವ ಅರ್ಜಿ ಯಾವ ಟೇಬಲ್ಲಿನ ಮೇಲೆ ಮಲಗುತ್ತದೆ, ಯಾರು ಎಬ್ಬಿಸಿದರೆ ಏಳುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಹಳ್ಳಿಯವರ ಬೇಡಿಕೆಯನ್ನು ಸರ್ಕಾರಕ್ಕೆ ಮುಟ್ಟಿಸುವುದು ಕೆಲಸ. ದಾರಿ ತೋರಿಸಲು ಜವಾನಯ್ಯನವರನ್ನು ಜೊತೆಗೆ ಹಾಕಿದರು. ನನಗೋ ಬಿ.ಎ. ಓದಿದ ಜಂಬ. ಇವರಿಂದ ನಾನೇನು ಕಲಿಯುವುದು ಅಂತ ಒಳಗೊಳಗೇ ಉರಿ.

ಪುಣಜನೂರಿನ ಆಚೆ, ಕಾಡಂಚಿನ ಒಂದು ಊರು. ಹೆರಿಗೆ ನೋವು ಬಂದರೆ ಸಿಕ್ಕ ಲಾರಿ ಹತ್ತಿ ಚಾಮರಾಜನಗರಕ್ಕೆ ಬರಬೇಕು. ಹಿಂದಿನ ತಿಂಗಳಷ್ಟೇ ಒಂದು ಕೂಸು ದಾರಿಯಲ್ಲೇ ತೀರಿಕೊಂಡಿತ್ತು. ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರ ಭೇಟಿಗೆ ಶುಕ್ರವಾರ ಸಮಯ ಸಿಕ್ಕಿತು. ಅವಸರದಲ್ಲಿ ನಾನೊಬ್ಬಳೇ ಹೋಗಿ ಊರವರ ಹೆಬ್ಬೆಟ್ಟನ್ನು ಖಾಲಿ ಹಾಳೆಗಳ ಮೇಲೆ ಒತ್ತಿಸಿಕೊಂಡು ಬಂದೆ. ಆಮೇಲೆ ಕೂತು, ಆರೋಗ್ಯ ಕೇಂದ್ರಕ್ಕೆ ಕಟ್ಟಡ ಬೇಕೆಂದು ಚೆಂದದ ಅರ್ಜಿ ಬರೆದೆ.

ಶುಕ್ರವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಜವಾನಯ್ಯ ಅರ್ಜಿ ತಿರುವಿ ನೋಡಿದರು. ಕೊನೆಯ ಸಾಲು ಒಂದು ಹೆಬ್ಬೆಟ್ಟಿನ ಗುರುತಿನ ಮೇಲೇ ಹಾದಿತ್ತು.

"ಇದ್ನ ಓದಿ ಏಳಿದ್ಯಾ ಅವ್ರಿಗ?"

"ಟೈಮ್ ಇರ್ಲಿಲ್ಲ ಅಯ್ಯ. ಆಮೇಲೆ ಬರೆದೆ."

ಅರ್ಜಿಯನ್ನು ನಾಲ್ಕಾಗಿ ಹರಿದುಬಿಟ್ಟರು.

"ಅಯ್ಯೋ! ಸಾಹೇಬ್ರು ಕಾಯ್ತಿರ್ತಾರೆ!"

"ಕಾಯ್ಲಿ ಬುಡು. ಖಾಲಿ ಕಾಗ್ದದ ಮ್ಯಾಲ ಎಬ್ಬೆಟ್ಟು ತಕ್ಕಂಡ್ರ ಅದು ಅವ್ರ ಮಾತಲ್ಲ ಕಣಮ್ಮಿ, ನಿಂದು. ನಡಿ, ಓಗನ."

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಬಸ್ಸಿನಲ್ಲಿ ಅವರ ಪಕ್ಕ ಕೂರಲೇ ಇಲ್ಲ.

ಊರಿನ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ, ಬರೆದದ್ದನ್ನು ನನ್ನ ಬಾಯಿಂದ ಹೇಳಿಸಿದರು. ಆ ಸತ್ತ ಕೂಸಿನ ಅಜ್ಜಿ ನಡುವೆಯೇ ತಡೆದರು: "ಕಟ್ಟಡ ಯಾಕವ್ವ? ಅದ ಅಲ್ವಾ, ಬೀಗ ಆಕ್ಕಂಡು! ನಮ್ಗ ಊರಲ್ಲೇ ಇರೋ ನರ್ಸಮ್ಮ ಬೇಕು."

ಮುಖ ಎಲ್ಲಿಟ್ಟುಕೊಳ್ಳಲಿ? ಕೇಳಿದ್ದರೆ ತಾನೆ ನನಗೆ ಗೊತ್ತಾಗುತ್ತಿದ್ದದ್ದು.

ಹೊಸ ಅರ್ಜಿ ಹಿಡಿದು ಮತ್ತೆ ಭೇಟಿಗೆ ಸಮಯ ಕೇಳಿದೆವು. ಸಾಹೇಬರೆದುರು ಆ ಅಜ್ಜಿಯೇ ಮಾತಾಡಿದರು. ನಾನು ಹಿಂದೆ ನಿಂತಿದ್ದೆ. ಏಳೆಂಟು ಸಲ ಅಲೆದ ಮೇಲೆ ನರ್ಸಮ್ಮ ಬಂದರು. ನನ್ನ ಕಸುಬು ನಾನು ಕಲಿತದ್ದು ಆ ಅಲೆದಾಟದಲ್ಲೇ.

ಕೊನೆಗಾಲದಲ್ಲಿ ಜವಾನಯ್ಯನವರಿಗೆ ಲಕ್ವ ಹೊಡೆದು ಸಹಿ ಮಾಡುವ ಕೈ ಬಿದ್ದುಹೋಯಿತು. ಪಿಂಚಣಿಯ ಕಾಗದವೊಂದಕ್ಕೆ ಹೆಬ್ಬೆಟ್ಟು ಬೇಕಿತ್ತು. ಅವರ ಮನೆಯವರು ಹೇಳಿಕಳಿಸಿದರು, ಪ್ಯಾಡ್ ಹಿಡಿದು ಹೋದೆ. ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚುತ್ತಲೇ ಅವರು ಬೆರಳು ಮಡಚಿಕೊಂಡರು.

"ಓದು ಮೊದ್ಲು" ಅಂದರು, ತೊದಲುತ್ತಾ.

ಇಡೀ ಕಾಗದ ಓದಿದೆ. ಅವರು ತಲೆಯಾಡಿಸಿದ ಮೇಲೆಯೇ ಒತ್ತಿಸಿ, ದಿಂಬಿನ ಪಕ್ಕದ ಟವಲಿನ ನೀಲಿ ಚುಂಗಿನಿಂದ ಬೆರಳು ಒರೆಸಿದೆ. ಉಗುರಿನ ಸಂದಿಯಲ್ಲಿ ಸ್ವಲ್ಪ ಮಸಿ ಉಳಿಯಿತು.

ನಾಲ್ಕನೆಯ ದಿನ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಆ ಮಸಿ ಇನ್ನೂ ಹಾಗೇ ಇತ್ತು. ಮತ್ತೊಮ್ಮೆ ಒರೆಸಲು ಬೆರಳು ಹಿಡಿದವಳು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ.