ಮೇಡಂ ಹಾಕದ ಎಣ್ಣೆ

ಹೋದ ತಿಂಗಳು ಬಳ್ಳಾರಿಯಲ್ಲಿ ಹಲ್ಲಿನ ಡಾಕ್ಟರು ನನ್ನ ನೋಯುವ ಹಲ್ಲಿಗೆ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟರು. ಆ ವಾಸನೆಗೆ ನೆನಪಾದವರು ನಮ್ಮ ಸಸ್ಯಶಾಸ್ತ್ರದ ಮೇಡಂ...

ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಬಂದು ನಾನು ಅವರ ಬಳಿ ಓದಿದೆ. ಆ ವರ್ಷ ಅವರು ಸಿರುಗುಪ್ಪದಲ್ಲಿದ್ದ ತಮ್ಮ ಅಣ್ಣನ ಗದ್ದೆಯಿಂದ ಬೆಂಕಿ ರೋಗ ತಗುಲಿದ ಭತ್ತದ ಎಲೆ ತರಿಸಿ, ಅದರ ಬೂಸ್ಟನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ್ದರು. ತಟ್ಟೆಯ ನಡುವೆ ಲವಂಗದೆಣ್ಣೆ ಹೀರಿದ ಕಾಗದದ ಬಿಲ್ಲೆ. ಅದರ ಸುತ್ತ ಬೂಸ್ಟು ಬಾರದೆ ಉಳಿದ ಉಂಗುರವನ್ನು ಅಳೆದು, ತಾರೀಖು ಹಾಕಿ ಬರೆಯುವುದು ನನ್ನ ಕೆಲಸ. ಎಣ್ಣೆಯು ಬೂಸ್ಟಿನ ಜೀವಕೋಶದ ಹೊರಪದರ ಒಡೆಯುತ್ತದೆ, ಒಳಗಿನದು ಸೋರಿ ಅದು ಸಾಯುತ್ತದೆ ಎಂದು ಮೇಡಂ ವಿವರಿಸಿದ್ದರು. ತಟ್ಟೆ ನೋಡಿ ಹೋದ ಅಣ್ಣ ತಂಗಿಯ ಗುಣಗಾನ ಮಾಡುತ್ತ ಊರೆಲ್ಲ ತಿರುಗಿದರಂತೆ.

ಕೊಯ್ಲಿನಲ್ಲಿ ಭತ್ತದ ಎಲೆ ಅಣ್ಣನ ಒಂದು ಕಣ್ಣನ್ನು ಗೀರಿತು. ನಂದಿಬಟ್ಟಲ ಹೂವಿನ ರಸ ಬಿಟ್ಟುಕೊಂಡು ಕಾದರು. ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿತು. ಕಣ್ಣಿನಲ್ಲಿ ಬೂಸ್ಟು ಬೆಳೆದಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಔಷಧಕ್ಕೂ ನಿಲ್ಲದೆ ನಮ್ಮ ಪ್ರಯೋಗಾಲಯಕ್ಕೆ ಬಂದರು. ಆ ಎಣ್ಣೆಯನ್ನೇ ಎರಡು ಹನಿ ಬಿಡು ಎಂದರು. ಮೇಡಂ ಒಪ್ಪಲಿಲ್ಲ.

"ಭತ್ತಕ್ಕ ಆಗತೈತಿ, ಅಣ್ಣಗ ಆಗಂಗಿಲ್ಲೇನು ತಂಗಿ?"

"ಬೂಸ್ಟಿಗೆ ಇರೋ ಅಂಥ ಪದರ ನಿನ್ನ ಕಣ್ಣಿಗೂ ಐತಿ ಅಣ್ಣ. ಯಾವುದು ಬೂಸ್ಟು, ಯಾವುದು ಕಣ್ಣು ಅಂತ ಎಣ್ಣಿಗೆ ತಿಳಿಯಂಗಿಲ್ಲ. ಎರಡನ್ನೂ ಸುಡತೈತಿ."

ಮೇಡಂ ಆಟೋದಲ್ಲಿ ಕೂರಿಸಿಕೊಂಡು ಅವರನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದರು. ಪಕ್ಕದಲ್ಲೇ ಇದ್ದು ಅಲ್ಲಿನ ಔಷಧ ಹಾಕಿದರು. ತಡವಾಗಿತ್ತು, ಆ ಕಣ್ಣಿನ ದೃಷ್ಟಿ ಹೋಯಿತು. ಕೈಯಲ್ಲಿ ಔಷಧವಿದ್ದೂ ತಂಗಿ ಕೊಡಲಿಲ್ಲ ಎಂದು ಅಣ್ಣ ನಂಟರಲ್ಲೆಲ್ಲ ಹೇಳಿದರು. ತಂಗಿಯ ಮನೆಗೆ ಬರುವುದನ್ನೇ ಬಿಟ್ಟರು.

ಬೂಸ್ಟು ಸಾಯಬೇಕು, ಕಣ್ಣು ಉಳಿಯಬೇಕು, ಅಂಥ ಹದವೊಂದನ್ನು ಮೇಡಂ ಆಮೇಲೆ ವರ್ಷಗಟ್ಟಲೆ ಹುಡುಕಿದರು. ಕಣ್ಣು ಸುಡದಂತೆ ಎಣ್ಣೆಯನ್ನು ತೆಳುವಾಗಿಸಿದಷ್ಟೂ ಉಂಗುರ ಕಿರಿದಾಗುತ್ತಿತ್ತು, ಕೊನೆಗೆ ಇಲ್ಲವಾಗುತ್ತಿತ್ತು... ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೂ ಅಣ್ಣ ಬರಲಿಲ್ಲ.

ಮೊನ್ನೆ ಭಾನುವಾರ ನಾನು ಸಿರುಗುಪ್ಪಕ್ಕೆ ಹೋದೆ. ಮೇಡಂ ಅಂದು ಹೇಳಿದ್ದು ಸರಿಯೆಂದು ಅಣ್ಣನಿಗೆ ತಿಳಿಸಬೇಕಿತ್ತು. ಅಂಗಳದಲ್ಲಿ ಕುಳಿತಿದ್ದ ಅವರು ಪೂರ್ತಿ ಕೇಳಿಸಿಕೊಂಡರು.

"ಅದು ಖರೆ ಅಂತ ನನಗ ಅವತ್ತ ಗೊತ್ತಿತ್ತು," ಎಂದರು. "ಕಣ್ಣು ಹೋಗಿತ್ತಲ್ಲ... ಯಾರ ಮ್ಯಾಲರ ಸಿಟ್ಟು ತೀರಿಸ್ಕೋಬೇಕಿತ್ತು. ಅಕಿ ಹತ್ರ ಇದ್ಲು."

ಆ ಮಾತು ಕೇಳಬೇಕಾಗಿದ್ದವರು ನಾನಲ್ಲ.